ವಯಸ್ಸಿಗೆ ಸಾಕ್ಷಿ

ಕುರಿಯ ತೊಗಲಿನ ಸುರುಳಿ. ಏಳುನೂರು ವರ್ಷವಾದರೂ
ಬಿಚ್ಚಿದರೆ ಮುದುಡಿಕೊಳ್ಳುತ್ತದೆ, ಚಳಿಗೆ ಕುರಿ ಮುದುಡಿದ ಹಾಗೆ.
ನಾಲ್ಕು ಮೂಲೆಗೂ ಸೀಸದ ಗುಂಡಿನ ಚೀಲ ಹೇರಿ
ಓದುತ್ತೇನೆ: ಅಮಿಸ್, ಫುಲ್ಕನ ಮಗಳು, ಒಬ್ಬಳೇ ವಾರಸುದಾರೆ.

ನದಿಯ ಮೂಲ ಕೇಳಬಾರದು ಎನ್ನುತ್ತಾರೆ.
ನನಗೆ ಸಂಬಳವೇ ಅದಕ್ಕೆ.
ಡರ್ಬಿಯಿಂದ ಒಬ್ಬರು ಬರೆದಿದ್ದಾರೆ, ಜೊತೆಗೆ ಚೆಕ್ಕು:
ಇಪ್ಪತ್ಮೂರು ತಲೆಮಾರಿನ ಹಿಂದೆ ಈ ಅಮಿಸ್ ನಮ್ಮ ಅಜ್ಜಿಯೇ?

ಗಂಡಸರು ಏಣಿಯ ಮೆಟ್ಟಿಲಿನಂತೆ ಸಿಗುತ್ತಾರೆ,
ಹತ್ತಿದರೆ ಸೀದಾ
ಹಡಗಿನಿಂದ ಕುದುರೆ ಇಳಿಸಿದವನ ತನಕ.
ತಾಯಿಯ ಕಡೆ ತಿರುಗಿದೆ. ತಾಯಿ ಹವೀಸ್.
ಹವೀಸಳ ತಾಯಿ –
ಅಲ್ಲಿ ಇಲಿ ಕಡಿದಿದೆ.
ಆ ಹೆಸರು ತಿಂದು ಇಲಿಯ ವಂಶವಾದರೂ ಬೆಳೆದಿರಬೇಕು.

ಹುಡುಗಿಗೆ ಹದಿನಾಲ್ಕು ತುಂಬಿತೋ ಇಲ್ಲವೋ?
ತುಂಬಿದ್ದರೆ ಗಿರಣಿ, ಎರಡು ಹಳ್ಳಿ, ಮೀನಿನ ಕೊಳ ಅವಳದು,
ಅಂದರೆ ಅವಳ ಗಂಡನದು.
ಲಡ್ಲೋದಲ್ಲಿ ರಾಜನ ಗುಮಾಸ್ತನೆದುರು ಹನ್ನೆರಡು ಜನ,
ಟೋಪಿ ಕೈಯಲ್ಲಿ.

ಆಸ್ಬರ್ಟ್, ಬಡಗಿ: ಅವಳು ಹುಟ್ಟಿದ ದಿನವೇ ತೊಲೆಯಿಂದ ಬಿದ್ದೆ.
ಕಾಲು ಮುರಿಯಿತು. ನೋಡಿ, ಇದೇ ಕಾಲು.
ಹಾಮೋ: ಆ ವಾರ ನನ್ನ ಹೆಂಡತಿಯನ್ನು ಮಣ್ಣು ಮಾಡಿದ್ದೆ.
ಗಿರಣಿಯ ಥರ್ಸ್ಟನ್: ನನ್ನ ತಂಗಿ ಎಡಿತ್
ಹಾಲೂಡಲು ಮಹಲಿಗೆ ಹೋದಳು. ಕೊಳದ ಮೇಲೆ ನಡೆದೇ ಹೋದಳು,
ಅಷ್ಟು ಹೆಪ್ಪುಗಟ್ಟಿತ್ತು.
ತನ್ನ ಕೂಸನ್ನು ನಮ್ಮಲ್ಲಿ ಬಿಟ್ಟು ಹೋದಳು, ಅದು ಮೂರನೆಯ ದಿನ
ಗುಮಾಸ್ತ ಅಲ್ಲಿಗೆ ನಿಲ್ಲಿಸಿದ್ದಾನೆ. ವಯಸ್ಸಿಗೆ ಅಷ್ಟು ಸಾಕು.

ಈ ಸಾಕ್ಷಿಗಳನ್ನು ನಂಬುವಂತಿಲ್ಲ, ಅದನ್ನೂ ಹೇಳಬೇಕು.
ಪಕ್ಕದ ಸೀಮೆಯ ಸುರುಳಿಯಲ್ಲೂ ಇದೇ ಕಾಲು ಮುರಿದಿದೆ,
ಇದೇ ಹೆಂಡತಿ ಸತ್ತಿದ್ದಾಳೆ. ಒಬ್ಬರದು ನೋಡಿ ಒಬ್ಬರು
ಬರೆದುಕೊಳ್ಳುತ್ತಿದ್ದರು, ಶಾಲೆಯ ಹುಡುಗರ ಹಾಗೆ.
ಇಪ್ಪತ್ತಾರು ವರ್ಷದಿಂದ ಓದುತ್ತಿದ್ದೇನೆ.
ಕೊಳದ ಮೇಲೆ ನಡೆದ ಎಡಿತ್
ಇನ್ನೆಲ್ಲೂ ಸಿಕ್ಕಿಲ್ಲ.

ಡರ್ಬಿಗೆ ಉತ್ತರ ಬರೆದೆ. ಅಮಿಸ್ ಗೆದ್ದಳು,
ಮರುವರ್ಷವೇ ತೀರಿಕೊಂಡಳು, ಮಕ್ಕಳಿಲ್ಲ, ಕ್ಷಮಿಸಿ.
ಆಮೇಲೆ ವಂಶವೃಕ್ಷದ ಹಾಳೆಯಲ್ಲಿ, ಪೆನ್ಸಿಲಿನಿಂದ,
ಅವಳಿಂದ ಪಕ್ಕಕ್ಕೊಂದು ಗೆರೆ ಎಳೆಯಲು ಹೋಗಿ ತಡೆದೆ.
ರಕ್ತಕ್ಕೆ ಒಂಟಿ ಗೆರೆ, ಮದುವೆಗೆ ಜೋಡಿ,
ಅನುಮಾನಕ್ಕೆ ಚುಕ್ಕಿ.
ಹಾಲಿಗೆ ಯಾವುದೆಂದು ಯಾರೂ ಕಲಿಸಿರಲಿಲ್ಲ.
ಕೈ ಬಂದ ಹಾಗೆ ಎಳೆದೆ. ಸ್ವಲ್ಪ ಸೊಟ್ಟವಾಯಿತು.

ಚೀಲ ತೆಗೆದ ಕೂಡಲೇ ಸುರುಳಿ ತಾನಾಗಿ ಮುದುಡಿತು.
ನಾಳೆ ಯಾರಾದರೂ ಕೇಳಿದರೆ
ಅಳಿಸಿಬಿಡುತ್ತೇನೆ.