ದ್ವಾದಶಿಯಂದು ಕೀಳಬಾರದು

ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ
ಚಂಪಕತ್ತೆಯ ತುಳಸಿಕಟ್ಟೆಗೆ
ಕಲ್ಲಿಲ್ಲ, ಗಾರೆಯಿಲ್ಲ, ಮೂಲೆಗೊಂದು ಆನೆಯಿಲ್ಲ.
ಕುಲುಮೆಯಿಂದ ಕಳಚಿ ಎಸೆದ ಇಟ್ಟಿಗೆ, ಮೂವತ್ತೆರಡು.
ಸೈಕಲ್ ಕ್ಯಾರಿಯರಿಗೆ ಹಳೇ ಟ್ಯೂಬು ಬಿಗಿದು
ದಿನಕ್ಕೆ ನಾಲ್ಕರಂತೆ ಎಂಟು ದಿನ ತಂದವನು
ಎದುರು ಮನೆಯ ಏಳುಮಲೈ.
ಹೆಸರಿನಲ್ಲಿ ಏಳು ಬೆಟ್ಟ, ಕೆಲಸ ಕುಲುಮೆಯ ಬಾಯಲ್ಲಿ.
"ಕಬ್ಬಿಣ ನೀರಾಗೋದನ್ನ ನೋಡಿದ ಇಟ್ಟಿಗೆ ಅಮ್ಮಾ,
ನಿಮ್ಮ ಒಂದು ತಂಬಿಗೆಗೆ ಏನೂ ಆಗಲ್ಲ."
ಗಾಜಿನಂತೆ ಕರಗಿ ಹೊಳೆಯುವ ಅದರ ಮಗ್ಗುಲಿಗೂ
ಅತ್ತೆ ಅರಿಶಿನ ಹಚ್ಚಿದಳು. ಅಂಟಲಿಲ್ಲ. ಮತ್ತೆ ಹಚ್ಚಿದಳು.

ಮಸಿ ಬೀಳುವ ಊರು.
ಬೆಳಗಾದರೆ ಎಲೆಗಳ ಮೇಲೆ ಕಪ್ಪು ರವೆ.
ಆರರ ಸೈರನ್ನಿಗೆ ಒದ್ದೆ ಸೀರೆಯಲ್ಲಿ ಬಂದು
ಮಗುವಿನ ಮುಖ ತೊಳೆದ ಹಾಗೆ ಎಲೆ ತೊಳೆದು
ಆಮೇಲೆ ಅಪ್ಪಣೆ ಕೇಳುವಳು, ಗಟ್ಟಿಯಾಗಿಯೇ:
"ನೋಯಿಸೋಕಲ್ಲ ತಾಯಿ, ಅವನಿಗೆ ಬೇಕು."
ಉಗುರು ತಾಗಿಸಬಾರದು.
ಹೊತ್ತು ಮುಳುಗಿದ ಮೇಲೆ ಮುಟ್ಟಬಾರದು.
ಮಂಗಳವಾರ, ಶುಕ್ರವಾರ ಇಲ್ಲ.
ದ್ವಾದಶಿಯಂದು ಕನಸಿನಲ್ಲೂ ಇಲ್ಲ;
ಹಿಂದಿನ ದಿನವೇ ಆಯ್ದು ಹಾರ್ಲಿಕ್ಸ್ ಬಾಟಲಿಯಲ್ಲಿ.
ತುಳಸಿಗೆ ತಂಗಳೆಂಬುದಿಲ್ಲ.
ದಳವಿಲ್ಲದಿದ್ದರೆ ಹೋಳಿಗೆಯನ್ನೂ ದೇವರು
ಬದಿಗೆ ಸರಿಸುತ್ತಾನೆ ಎಂದು ನಂಬಿದ್ದೆ,
ನಾನು ಹಾಗಲಕಾಯಿಯನ್ನು ಸರಿಸುವ ಹಾಗೆ.

ಕಾರ್ತಿಕದ ದ್ವಾದಶಿ ತುಳಸಿಯ ಮದುವೆ.
ನೆಲ್ಲಿಯ ಕೊಂಬೆ ಗಂಡು. ಕಾಯಿ ಕಚ್ಚಿರಬೇಕು,
ಬರಿ ಎಲೆಯ ಗಂಡಿಗೆ ಅತ್ತೆಯ ಒಪ್ಪಿಗೆಯಿಲ್ಲ.
ಉಂಬ್ಳೇಬೈಲಿನ ದಾರಿಯಿಂದ ಏಳುಮಲೈ ತರುತ್ತಿದ್ದ.
ಗೇಟಿನಲ್ಲೇ ಕೂಗು: "ಮಾಪಿಳ್ಳೈ ವಂದಾಚ್ಚು!"
ಗಂಡಿನ ಕಡೆಯವನೆಂದು ಅತ್ತೆ
ಅವನ ಕಾಲಿಗೆ ತಂಬಿಗೆ ನೀರು ಕೊಡುವಳು.
ಕುಲುಮೆಯ ಕಿಡಿ ಸುಟ್ಟ ಪಾದ, ಗುಳಿ ಗುಳಿ.

ಆ ವರ್ಷ ಕೊಂಬೆ ತಂದದ್ದು ಮಗ ಸೆಲ್ವ.
ಗೇಟಿನಲ್ಲಿ ಕೂಗಲಿಲ್ಲ.

ಕಬ್ಬಿನ ಚಪ್ಪರ, ನೆಲ್ಲಿಕಾಯಿ ಕೊರೆದು ತುಪ್ಪದ ದೀಪ,
ಅವಲಕ್ಕಿ, ಬೆಲ್ಲ, ಅಕ್ಕಪಕ್ಕದವರ ಹಾಡು.
ಮದುವೆ ಮುಗಿಯಿತು. ಬಾಟಲಿಯೂ ಮುಗಿಯಿತು.

ಹನ್ನೊಂದು ದಾಟಿದ ಮೇಲೆ ಮತ್ತೆ ಸೆಲ್ವ.
"ಅಪ್ಪಾಗೆ ಉಸಿರು ಮೇಲೆ ಮೇಲೆ.
ಒಂದೇ ಒಂದು ಎಲೆ ಅಮ್ಮಾ."

ಟಾರ್ಚು ಹಿಡಿದವಳು ನಾನು.
ಹಸಿರು ಬಳೆ, ಕರಿಮಣಿ, ಅಂಗೈಯಗಲದ ರವಿಕೆ ಕಣ,
ಗಿಡ ಮದುವಣಗಿತ್ತಿಯಾಗಿ ನಿಂತಿತ್ತು.
ಅತ್ತೆಯ ಕೈ ಎಲೆಯ ಹತ್ತಿರ ಹೋಗಿ
ಗಾಳಿಯಲ್ಲೇ ನಿಂತಿತು.
ಎಷ್ಟು ಹೊತ್ತೋ. ಬ್ಯಾಟರಿ ಮಂಕಾಗತೊಡಗಿತ್ತು.
ಸರಕ್ಕನೆ ತಿರುಗಿ ಒಳಗೆ ಹೋದಳು,
ದೇವರ ಪೆಟ್ಟಿಗೆ ತೆರೆದಳು,
ಸಾಲಿಗ್ರಾಮದ ನೆತ್ತಿಯಿಂದ
ಬೆಳಗಿನ ದಳ ಎತ್ತಿಕೊಂಡಳು.
"ನಾಲ್ಕು ತಿಂಗಳು ಮಲಗಿ ಇವತ್ತು ಎದ್ದಿದೀಯ.
ನೀನು ಕಾಯ್ತೀಯ. ಅವನು ಕಾಯಲ್ಲ."

ಎದುರು ಮನೆಗೆ ಹದಿನೈದು ಹೆಜ್ಜೆ.
ಒಡೆದ ತುಟಿ. ಒಂದು ಉದ್ಧರಣೆ ನೀರು, ದಳ.
ನಾಲಿಗೆ ಹುಡುಕಿ ಹಿಡಿಯಿತು.
"ಕಾರ," ಅಂದ ಏಳುಮಲೈ.
ಕನ್ನಡವೋ ತಮಿಳೋ. ಎರಡರಲ್ಲೂ ಅದೇ ಮಾತು.
ನಕ್ಕನೆಂದು ಅತ್ತೆ ಆಮೇಲೆ ಎಲ್ಲರಿಗೂ ಹೇಳಿದಳು.
ನಾನು ಕಂಡದ್ದು ಹಲ್ಲಿಗಂಟಿದ ಹಸಿರು.

ಆ ರಾತ್ರಿ ನಮ್ಮ ದೇವರಿಗೆ ಬರಿ ನೆತ್ತಿ.
ಚಳಿಯಾದೀತೇ ಎಂದು
ನನಗೆ ನಿದ್ದೆ ಹತ್ತಲಿಲ್ಲ.

ತ್ರಯೋದಶಿ. ಆರರ ಸೈರನ್ನು.
ಹೋದ ಬೇಸಿಗೆ ಒಣಗಿದ ಗಿಡದ ಕಡ್ಡಿಗಳನ್ನು
ಸೂರಿನ ಸಂದಿಯಿಂದ ಇಳಿಸಿ ಸೆಲ್ವನಿಗೆ ಕೊಟ್ಟು
"ಕಟ್ಟಿಗೆ ನಡುವೆ ಇಡು," ಅಂದಳು ಅತ್ತೆ.
"ಬೆಂಕಿ ಅವನಿಗೇನು ಹೊಸದಲ್ಲ.
ಜೊತೆಗೊಬ್ಬಳು ಇರಲಿ."

ಭದ್ರೆಯ ದಡದಿಂದ ಗಂಡಸರು ಬರುವ ಹೊತ್ತಿಗೆ
ನಾನು ಕಟ್ಟೆಗೆ ಬೆನ್ನು ಕೊಟ್ಟು ಕೂತಿದ್ದೆ.
ಇಟ್ಟಿಗೆ ಬಿಸಿಯಿತ್ತು.
ಬಿಸಿಲಿಗೇ ಇರಬೇಕು.