ದಿಡ್ಡಿ

ಟೇಪು ಹಿಡಿದು ಬಂದವನು ನಾನು, ಪುರಸಭೆಯ ನಕ್ಷೆಗಾರ.
ಸವಣೂರಿನ ಈ ಅಗಸಿಯ ಎತ್ತರ, ಅಗಲ, ಬಿರುಕುಗಳ ಲೆಕ್ಕ
ಸೋಮವಾರದೊಳಗೆ ಸಾಹೇಬರ ಮೇಜಿನ ಮೇಲಿರಬೇಕು.

ಕಮಾನಿನ ಮೊನೆಗೆ ಇಪ್ಪತ್ತಾರು ಅಡಿ.
ಆನೆ, ಆನೆಯ ಮೇಲೆ ಅಂಬಾರಿ, ಅಂಬಾರಿಯ ಮೇಲೆ ಕಳಸ,
ಕಳಸದ ಮೇಲೊಂದು ಮೊಳ ಗಾಳಿ
ಹಾಗೆ ಅಳೆದಿದ್ದಾರೆ.
ಆನೆ ಬಂತೋ ಇಲ್ಲವೋ, ಯಾವ ಕಾಗದವೂ ಹೇಳುವುದಿಲ್ಲ.
ಈಗ ಹತ್ತಿ ಹೇರಿದ ಟ್ರ್ಯಾಕ್ಟರು ಹಾಯುತ್ತದೆ,
ಎಡಗಲ್ಲಿಗೆ ಒಂದಿಷ್ಟು ಅರಳೆ ಬಿಟ್ಟು.

ದಿಲ್ಲಿಯಂಥದ್ದೇ ಬೇಕು ಅಂದಿದ್ದನಂತೆ ಮೊಗಲರ ಸುಬೇದಾರ.
ದಿಲ್ಲಿ ಕಂಡವರಾರು? ಬಂಕಾಪುರದ ನಾಗೋಜ
ವರದೆಯನ್ನು ದಾಟಿದ್ದೇ ಎರಡು ಸಲ.
ಕುದುರೆ ಸವಾರನೊಬ್ಬ ಮಣ್ಣಲ್ಲಿ ಕಡ್ಡಿಯಿಂದ ಗೀರಿದ:
ಹೀಂಗ ಏರಬೇಕು, ಹೀಂಗ ಬಾಗಬೇಕು,
ಕಡೀಕ ಚೂಪ ಆಗಬೇಕು.
ನಾಗೋಜ ಉಡಿಯೊಳಗಿನ ವೀಳ್ಯದೆಲೆ ತೆಗೆದು
ತೊಟ್ಟು ಕೆಳಗೆ ಮಾಡಿ ಹಿಡಿದ.
"ಇದ ಹೌದಲ್ರೀ?"

ಕೆಂಗಲ್ಲು ಸಿಗಲಿಲ್ಲ. ಕರಿಗಲ್ಲು ಕಟ್ಟಿ,
ಬೆಲ್ಲ, ಅಳಲೆಕಾಯಿ, ಲೋಳೆಸರ ಅರೆದ ಗಾರೆ ಮೆತ್ತಿ,
ಮೇಲೆ ಕೆಮ್ಮಣ್ಣು ಬಳಿದು ದಿಲ್ಲಿ ಮಾಡಿದರು.
ಮೂರು ಮಳೆಗಾಲಕ್ಕೆ ದಿಲ್ಲಿ ತೊಳೆದು ಮೋರಿಗೆ ಹೋಯಿತು.
ಬಲಹೆಗಲಲ್ಲಿ, ಕಲ್ಲು ತಾವರೆಯ ಎಸಳಿನ ಸಂದಿಯಲ್ಲಿ
ಉಗುರಗಲ ಕೆಂಪು ಉಳಿದಿದೆ.
ಬರೆದುಕೊಂಡೆ.

ಮರಾಠರ ಗುಂಡು ಕೂತ ಕುಳಿ, ಒಂದೂಕಾಲು ಅಡಿ.
ಅದರೊಳಗೆ ಹೆಸ್ಕಾಂನವರ ಮೀಟರು ಡಬ್ಬಿ.
ಬರೆದುಕೊಂಡೆ.

ಕದ ಇಲ್ಲ.
ಆನೆಯ ಹಣೆಯ ಎತ್ತರಕ್ಕೆ ಮುಳ್ಳು ಬಡಿದ ತೇಗದ ಜೋಡಿ
ಎಂದೋ ಹರಾಜಾಗಿ ಯಾರದೋ ಅಟ್ಟದ ಹಲಗೆಯಾಗಿರಬೇಕು.
ಅಗುಳಿಯ ತೂತು ಮಾತ್ರ ಇದೆ. ಕೈ ಹಾಕಿದೆ,
ಮೊಣಕೈತನಕ ಹೋಯಿತು. ಒಳಗೆ ತಂಪು.

ಆಗ ಬಂದಳು ಎಲೆ ಮಾರುವ ಜೈತೂನಬಿ,
ತಲೆಯ ಮೇಲೆ ಬಾಳೆನಾರು ಕಟ್ಟಿದ ಪೆಂಡಿ.
ಕಮಾನಿನ ನಟ್ಟನಡುವೆ ಅಲ್ಲ, ತುಸು ಎಡಕ್ಕೆ,
ಪೆಂಡಿ ಇಳಿಸಿ ಎದೆಗವಚಿ, ಬಗ್ಗಿ,
ಇಲ್ಲದ ಹೊಸ್ತಿಲ ಮೇಲೆ ಒಂದು ಕಾಲೆತ್ತಿಟ್ಟು,
ಆಚೆ ಹೋಗಿ ನೆಟ್ಟಗಾದಳು.

"ಇಪ್ಪತ್ತಾರು ಅಡಿ ಐತಿ, ಯಾಕ ಬಗ್ತೀ?"
"ಇಲ್ಲಿ ದಿಡ್ಡಿ ಇತ್ತಪಾ. ದೊಡ್ಡ ಕದ ಅವರಿಗೆ.
ಎಲಿ ತರೋರು ದಿಡ್ಯಾಗ ಹಾಯಬೇಕು.
ನಮ್ಮಮ್ಮಾ ಬಗ್ತಿದ್ಲು, ಆಕಿ ಅಮ್ಮಾನೂ ಬಗ್ತಿದ್ಲು."
"ನೀ ನೋಡೀಯೇನು ಆ ದಿಡ್ಡಿ?"
"ನಾ ಎಲ್ಲಿ ನೋಡ್ಲಿ. ತಲಿಗೆ ಗೊತ್ತೈತಿ."

ಇನ್ನೊಂದ್ಸಲ ಹಾಯ್ದು ತೋರ್ಸು ಅಂದೆ.
ನಕ್ಕಳು, ಬೈದಳು, ಹಾಯ್ದಳು.
ಟೇಪು ಹಿಡಿದೆ: ನಾಲ್ಕಡಿ ಎರಡಂಗುಲ.
ನಕ್ಷೆಯಲ್ಲಿ ಚುಕ್ಕಿಗೆರೆಯಿಂದ ಬರೆದೆ.

ಸೋಮವಾರ ಸಾಹೇಬರು ಕನ್ನಡಕ ಏರಿಸಿ ನೋಡಿದರು.
"ಇದೇನ್ರೀ, ಇಲ್ಲದ್ದು?"
ರಬ್ಬರು ಮುಂದೆ ತಳ್ಳಿದರು.
ನನ್ನ ಬಾಯಲ್ಲಿ ಅವಳು ಪುಕ್ಕಟೆ ಕೊಟ್ಟ ಎಲೆ,
ಸುಣ್ಣ ತುಸು ಹೆಚ್ಚಾಗಿ ನಾಲಗೆ ಸುಟ್ಟಿತ್ತು.
ಮಾತಾಡಲಿಲ್ಲ.