ಹಲವು ಮಕ್ಕಳ ತಾಯಿ

ದೋಣಿಯ ಮೇಲೆ ಕಪ್ಪತಗುಡ್ಡದ ಏರು,
ಬಾದೆ ಹುಲ್ಲು ಮೊಣಕಾಲ ಮಟ.
ಹುಲಿಗೆವ್ವ ಕುಕ್ಕರಗಾಲಲ್ಲಿ ಕೂತು
ಮುಳ್ಳುಬಳ್ಳಿಯ ಬುಡಕ್ಕೆ ಬಾಯಿ ತಂದಳು:
‘ತಾಯಿ, ಬಡಿಗೇರ ಮನಿ ಬಾಣಂತಿಗೆ ಹಾಲಿಲ್ಲ.
ಎರಡಽ ಬೇರು.’

ಅದರ ಹೆಸರೇ ಹಲವು ಮಕ್ಕಳ ತಾಯಿ.
ಎರಡು ಕಿತ್ತು, ಉಳಿದವಕ್ಕೆ ಮಣ್ಣು ಹೊದಿಸಿದಳು
ನಿದ್ದೆಗಣ್ಣಿನ ಕೂಸಿಗೆ ಕೌದಿ ಎಳೆದ ಹಾಗೆ.

ಬುತ್ತಿ ಬಿಚ್ಚುವಾಗ ಹೇಳಿದೆ, ನಾನು ಓದಿದ್ದು:
ಸಮುದ್ರದಾಚೆ ಹುಲ್ಲಿನ ನಾಡಲ್ಲಿ
ಲಕೋಟ ಅಂತ ಜನ.
ಕಲ್ಲು ಅವರಿಗೆ ಎಲ್ಲರಿಗಿಂತ ಹಿರೀಕ,
ಕಾಡೆಮ್ಮೆ ಒಡಹುಟ್ಟು,
ಪ್ರಾರ್ಥನೆ ಮುಗಿಸುವಾಗ ‘ಎಲ್ಲರೂ ನನ್ನ ಬಳಗ’ ಅಂತಾರೆ,
ಗಿಡದಿಂದ ಏನಾದರೂ ತಗೊಂಡರೆ
ಅಲ್ಲಿ ಒಂದು ಚಿಟಿಕೆ ತಂಬಾಕು ಇಡುತ್ತಾರೆ.

‘ತಂಬಾಕ?’ ಸಂಚಿ ಬಿಗಿಹಿಡಿದು ನಕ್ಕಳು.
‘ನನಗಽ ಸಾಲವಲ್ದು!’

ರೊಟ್ಟಿ ಮುರಿದಳು. ತಿನ್ನಲಿಲ್ಲ.
ಗಾಳಿಯಂತ್ರದ ರೆಕ್ಕೆನೆರಳು
ನಮ್ಮ ಮೇಲೆ ಹಾದುಹೋಯಿತು, ಮತ್ತೆ ಹಾದುಹೋಯಿತು.
ಆಮೇಲೆ ಕೇಳಿದಳು:
‘ಅವರ ಗುಡ್ಡದಾಗೂ ಬಂಗಾರ ಸಿಕ್ಕಿತ್ತೇನ್ರಿ?’

ಆ ಅಧ್ಯಾಯವನ್ನೂ ಓದಿದ್ದೆ.
ಉಪ್ಪಿನಕಾಯಿಯ ಹೋಳು ನೆಕ್ಕುತ್ತ ಕೂತೆ.
ನಾನು ಸುಮ್ಮನಿದ್ದದ್ದೇ ಅವಳಿಗೆ ಸಾಕಾಯಿತು.

ಇಳಿಯುವ ಮುಂದೆ ಹೊರಳಿ ಹೋದಳು
ಆ ಬಳ್ಳಿಯ ಕಡೆ. ಬೆನ್ನು ನನ್ನತ್ತ.
ಸಂಚಿಯ ಲಾಡಿ ಎಳೆದ ಸಪ್ಪಳ.
ನಾನು ಏನೂ ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಇಳಿಜಾರಿನಲ್ಲಿ ಎಡವಿದೆ.
‘ತಪ್ಪಾತ್ರೀ’ ಅಂದೆ,
ಕಲ್ಲಿಗೆ.